ಕುಂಕುಮ ಕಾಣದ ಬಾಟಲಿ

"ಮುಚ್ಚಳಾ ಮುಟ್ಟಬ್ಯಾಡ್ರಿ ಅಕ್ಕಾರ!"

ಮಾಧುರಿ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ತೆಗೆದ್ರ ಗಾಳಿ ಹೊಗತದ. ಗಾಳಿ ಹೊಕ್ರ ಬೂಸಲು ಹಿಡೀತದ." ರಂಜನಾ ಕಪಾಟಿನಿಂದ ಗಾಜಿನ ಬಾಟಲಿಯನ್ನು ಎತ್ತಿ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದಳು. "ಇವು ಹುಟ್ಟಿದಾಗಿಂದ ಹೊರಗಿನ ಗಾಳಿ ಕಂಡಿಲ್ಲರಿ. ಗೋದಾ ಅಕ್ಕಾರು ಇವಕ್ಕ ಬಾಣಂತಿ ಖೋಲ್ಯಾಗಿನ ಕೂಸು ಅಂತಿದ್ರು."

"ಸತ್ತಾವು ಅಂದ್ರಲ್ಲ ನಿಮ್ಮ ಸಾಹೇಬ್ರು?"

"ಸತ್ತಿಲ್ಲರಿ. ಬೇರ ಬಿಡವಲ್ಲವು." ಹುಡುಗಿ ತುಟಿ ಕಚ್ಚಿಕೊಂಡಳು. "ಅದಕ್ಕ ನಾನ ಕಾರಣ ಅಂತ."

ಬಾಟಲಿಯೊಳಗೆ ತಿಳಿಯಾದ ಜೆಲ್ಲಿ. ಅದರ ಮೇಲೆ ಗೋದಾ ಹುಟ್ಟಿಸಿದ ಆರ್ಕಿಡ್. ಎರಡು ಜಾತಿಗಳನ್ನು ಕೂಡಿಸಿ, ಅದರ ಒಂದು ಹೂವನ್ನೂ ಕಾಣದೆ, ಕಳೆದ ಮಳೆಗಾಲದಲ್ಲಿ ಆಕೆ ತೀರಿಕೊಂಡಿದ್ದಳು. ಈ ಲ್ಯಾಬಿನ ಬಾಟಲಿಗಳನ್ನು ಬಿಟ್ಟರೆ ಆ ಗಿಡ ಬೇರೆಲ್ಲೂ ಇಲ್ಲ. ಅದನ್ನು ಹಾಳುಮಾಡಿದವಳು ರಂಜನಾ ಎಂದು ಗೋದಾಳ ಅಣ್ಣ, ಲ್ಯಾಬಿನ ಮಾಲೀಕ ಸಿದ್ದಾರೂಢ, ಇವತ್ತು ಸಂಜೆ ಪೊಲೀಸರಿಗೆ ದೂರು ಕೊಡುವವನಿದ್ದ.

ಸಂಜೆಗೆ ಬಹಳ ಹೊತ್ತಿರಲಿಲ್ಲ. ಕಿಟಕಿಯಾಚೆ ಮಗರಪಟ್ಟಾ ಬಡಾವಣೆಯ ಎತ್ತರದ ಕಟ್ಟಡಗಳ ನೆರಳು ಆಗಲೇ ರಸ್ತೆ ದಾಟಿತ್ತು.

ಮಾಧುರಿಗೆ ಬೆಳಿಗ್ಗೆಯ ಶರಣಮ್ಮ ನೆನಪಾದಳು. ಮಾಧುರಿಯ ಬೀದಿಗೆಲ್ಲ ಕಟಕ ರೊಟ್ಟಿ ಮಾಡಿಕೊಡುವ ಹೆಂಗಸು, ರಂಜನಾಳ ತಾಯಿ. ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಿದ್ದಳು. "ನೀವು ವರನ ಕಡೆಯವರ ಗುಟ್ಟು ಹುಡುಕ್ತೀರಿ, ನನ್ನ ಮಗಳದು ಇಷ್ಟು ಹುಡುಕ್ರಿ ತಾಯಿ. ಇಂದಾಪುರದಾಗ ಲಗ್ನ ಗೊತ್ತಾಗ್ಯದ. ಛಲೋ ಮಂದಿ. ಹೊಸಾದು ಹೂವಿನ ಶೆಡ್ ಹಾಕ್ಯಾರ, ದೊಡ್ಡದು. ಠಾಣೇದಾಗ ಇಕಿ ಹೆಸರು ಬಿತ್ತಂದ್ರ ಅವರು ಹೊಸ್ತಿಲಾ ತುಳಿಯಂಗಿಲ್ಲ."

ಹೆಣ್ಣು ಮಕ್ಕಳ ಹೆಸರಿಗೆ ಕಲೆ ಹತ್ತಲು ಎಷ್ಟು ಹೊತ್ತು ಬೇಕು ಎಂಬುದು ಮಾಧುರಿಗೆ ಗೊತ್ತಿತ್ತು. ಮದುವೆ ಗೊತ್ತಾದ ಮನೆಗಳ ವಿಚಾರಣೆಯೇ ಅವಳ ಪುಟ್ಟ ಏಜೆನ್ಸಿಯ ಅನ್ನ. ಆಗಲೇ ಬರುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಳು. ತಾನು ನೋಡಿ ಹೇಳುವವರೆಗೆ ದೂರು ಕೊಡದಂತೆ ಸಿದ್ದಾರೂಢನನ್ನೂ ಒಪ್ಪಿಸಿದ್ದಳು.

"ನನಗ ತಿಳಿಯೋ ಹಾಂಗ ಹೇಳು," ಎಂದಳು. "ಬೇರು ಯಾಕ ಬಿಡಲಿಲ್ಲ?"

ರಂಜನಾ ಇನ್ನೊಂದು ಬಾಟಲಿಯನ್ನು ತಂದು ಪಕ್ಕದಲ್ಲಿಟ್ಟಳು. ಎರಡರಲ್ಲೂ ಅದೇ ಗಿಡ. ಒಂದರಲ್ಲಿ ನಾಲ್ಕಾರು ಸಸಿ, ಅಗಲವಾದ ಎಲೆ, ಜೆಲ್ಲಿಯೊಳಗೆ ಇಳಿದ ದಪ್ಪನೆಯ ಬಿಳಿ ಬೇರು. ಇನ್ನೊಂದರಲ್ಲಿ ಒಂದರ ಮೇಲೊಂದು ಒತ್ತಿಕೊಂಡ ಪುಟ್ಟ ಪುಟ್ಟ ಕುಡಿಗಳು. ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರು ಕಾಳು ಮೊಳಕೆಯೊಡೆದು ಗಂಟನ್ನೇ ಸಡಿಲಿಸುವ ಹಾಗೆ. ತಳದಲ್ಲಿ ಒಂದೂ ಬೇರಿಲ್ಲ.

"ಇಲ್ಲಿ ಎರಡು ಔಷಧಾ ಮುಖ್ಯರಿ. ಕುಡಿ ಔಷಧಾ ಹಾಕಿದ್ರ ಒಂದು ಗಿಡಕ್ಕ ಹತ್ತು ಕುಡಿ ಒಡೀತಾವ. ಹತ್ತನ್ನೂ ಬಿಡಿಸಿ ಹಚ್ಚಿದ್ರ ನೂರಾಗತಾವ. ಸಾಕು ಅನಿಸಿದಾಗ ಬೇರಿನ ಔಷಧಾ ಹಾಕಬೇಕು. ಅವಾಗ ಕುಡಿ ನಿಂತು ಬೇರು ಇಳೀತಾವ. ಬೇರು ಬಂದ ಮ್ಯಾಲೆ ಭೋರ್ ಊರಾಗಿನ ನಮ್ಮ ಶೆಡ್ಡಿಗೆ ಕಳಸೋದು. ಬೇರಿಲ್ಲದ್ದು ಮಣ್ಣಿಗೆ ಹೋದ್ರ ಉಳಿಯಂಗಿಲ್ಲ."

"ನೀ ಯಾವುದು ಹಾಕಿದಿ?"

"ಬೇರಿಂದರಿ! ಬಾಟಲಿ ಮ್ಯಾಲೆ ಬರದದ್ದು ನೋಡೇ ಹಾಕೀನಿ. ಆದ್ರ ಗಿಡಾ ನೋಡ್ರಿ, ಕುಡಿ ಔಷಧಾ ಕುಡಿದಾಂಗ ಆಗ್ಯಾವ."

"ಇಂಥವು ಎಷ್ಟಿದ್ದವು?"

"ಈ ಕಪಾಟು ಪೂರಾ. ಕೆಟ್ಟಾವು ಅಂತ ಸಾಹೇಬ್ರು ಚೆಲ್ಲಾಕ ಹೇಳಿದ್ರು." ಅವಳು ಮೂಲೆಯಲ್ಲಿದ್ದ ಆಟೋಕ್ಲೇವಿನ ಕಡೆ ತೋರಿಸಿದಳು. ಒಲೆ ಕಾಣದ ಭಾರೀ ಕುಕ್ಕರಿನಂತಿತ್ತು ಅದು. "ಚೆಲ್ಲೂ ಮೊದಲು ಅದರಾಗ ಬೇಯಿಸಬೇಕರಿ. ಬೇಯಿಸಿ ಚೆಲ್ಲೀನಿ. ಇವು ಮಾದರಿಗಂತ ಉಳಿದದ್ದು."

ಮಾಧುರಿ ಆ ಹಸಿರು ಗುಂಪನ್ನೇ ನೋಡುತ್ತ ನಿಂತಳು.

ಹಾಳುಮಾಡಬೇಕೆಂದು ಬಂದವರಿಗೆ ಇಲ್ಲಿ ದಾರಿಗಳಿಗೇನು ಕೊರತೆ? ನೆಲ ಒರೆಸುವ ಬ್ಲೀಚಿನ ಕ್ಯಾನು ಬಾಗಿಲಲ್ಲೇ ಇತ್ತು. ಏಸಿ ಆರಿಸಿದ್ದರೂ ಸಾಕಿತ್ತು. ಮುಚ್ಚಳಗಳನ್ನು ಸಡಿಲಿಸಿದ್ದರೆ ಮಿಕ್ಕಿದ್ದನ್ನು ಬೂಸಲೇ ನೋಡಿಕೊಳ್ಳುತ್ತಿತ್ತು. ಇಲ್ಲಿ ಯಾರೋ ಅಷ್ಟು ಸುಲಭದ್ದನ್ನೆಲ್ಲ ಬಿಟ್ಟು, ಔಷಧ ಬದಲಿಸಿ, ಗಿಡವನ್ನು ಇನ್ನಷ್ಟು ಬೆಳೆಸಿದ್ದರು.

ಕೊಲ್ಲುವವರು ಹೀಗೆ ಸಾಕುವುದಿಲ್ಲ.

ಬೇರಿಲ್ಲದ ಗಿಡ ಸಿದ್ದಾರೂಢನಿಗೆ ಕಸ. ಆದರೆ ಅದನ್ನು ಬಿಡಿಸಿ ಇನ್ನೊಂದು ಕಡೆ ಬೆಳೆಸಬಲ್ಲವರಿಗೆ? ಒಂದು ಬಾಟಲಿಯಲ್ಲಿ ನೂರು ಗಿಡ. ಕೆಟ್ಟಿದೆ ಎಂದು ಮಾಲೀಕನೇ ಹೊರಗೆ ಹಾಕಿಸಿದ್ದನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ.

ಇದು ಹಾಳು ಮಾಡಿದ್ದಲ್ಲ. ಕದ್ದದ್ದು.

"ಔಷಧದ ಬಾಟಲಿ ತೋರಸು," ಎಂದಳು.

ಫ್ರಿಜ್ಜಿನ ಮೇಲಿನ ಅಂಕಣದಲ್ಲಿ ಬಾಟಲಿಗಳು ಸಾಲಾಗಿ ನಿಂತಿದ್ದವು. ಬೆಳಕು ತಾಗದಂತೆ ಪ್ರತಿಯೊಂದಕ್ಕೂ ರೊಟ್ಟಿ ಕಟ್ಟುವ ಬೆಳ್ಳಿಹಾಳೆ ಸುತ್ತಿ, ಮೇಲೆ ಹೆಸರು ಬರೆದ ಕಾಗದದ ಪಟ್ಟಿ ಅಂಟಿಸಿತ್ತು. ಪ್ರತಿ ಪಟ್ಟಿಯ ನಡುವೆ ಮಾಸಿದ ಕೆಂಪು ಬೊಟ್ಟು.

"ಇದೇನಿದು?"

"ಖಂಡೇನವಮಿ ಕುಂಕುಮರಿ. ದರ್ಜಿ ಮಶೀನ್ ಪೂಜಾ ಮಾಡ್ತಾನ, ನಮಗ ಇವೇ ಮಶೀನು ಅಂತಿದ್ರು ಗೋದಾ ಅಕ್ಕಾರು. ತಕ್ಕಡಿ, ಚಿಮಟಿಗಿ, ಕುಕ್ಕರು, ಬಾಟಲಿ, ಎಲ್ಲಾ ಸಾಲಾಗಿ ಇಟ್ಟು ಪೂಜಾ ಮಾಡೋದು. ಈ ಸಲ ಅಕ್ಕಾರು ಇರಲಿಲ್ಲ. ಆದ್ರೂ ಬಿಡಲಿಲ್ಲ."

ಒದ್ದೆ ಕುಂಕುಮ ಕಾಗದಕ್ಕೆ ಇಳಿದರೆ ಸುಲಭಕ್ಕೆ ಹೋಗುವುದಿಲ್ಲ. ದಸರೆ ಕಳೆದು ಸಂಕ್ರಾಂತಿಯೂ ಮುಗಿದಿತ್ತು, ಬೊಟ್ಟುಗಳು ಹಾಗೇ ಇದ್ದವು. ಮಾಧುರಿ ಒಂದೊಂದನ್ನೇ ನೋಡುತ್ತ ಬಂದಳು. ಬೇರಿನ ಔಷಧದ ಬಾಟಲಿಯ ಹತ್ತಿರ ಅವಳ ಬೆರಳು ನಿಂತಿತು.

ಅದರ ಪಟ್ಟಿ ಬೆಳ್ಳಗಿತ್ತು. ಒರೆಸಿದ ಗುರುತೂ ಇಲ್ಲ.

"ಈ ಫ್ರಿಜ್ಜಿಗೆ ಕೀಲಿ ಅದ ಏನು?"

"ಹೌದ್ರಿ. ಕುಶಲ ಸರ್ ಕಡೆ ಇರತದ. ಮುಂಜಾನೆ ತಗೀತಾರ, ಔಷಧಾ ಅಳತಿ ಮಾಡಿ ಕೊಡ್ತಾರ, ಮತ್ತ ಹಾಕ್ತಾರ. ಇವತ್ತು ನೀವು ಬರ್ತೀರಿ ಅಂತ ತೆರೆದಿಟ್ಟಾರ."

ಮಾಧುರಿ ಬಾಟಲಿಯನ್ನು ಸೆರಗಿನಲ್ಲಿ ಹಿಡಿದು ಗಾಜಿನ ಕೋಣೆಯ ಕಡೆ ನಡೆದಳು.

*

ಕುಶಲ ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿಕೊಳ್ಳುತ್ತಿದ್ದ. ಲ್ಯಾಬಿನ ಮ್ಯಾನೇಜರು, ಕುಂದಾಪುರದ ಕಡೆಯವನು. ಹೈವೇ ಪಕ್ಕದ ಅಣ್ಣನ ಹೋಟೆಲಿನಿಂದ ದಿನವೂ ಕಷಾಯ ಬರುತ್ತಿತ್ತು.

"ಕೂತ್ಕೊಳ್ಳಿ ಮೇಡಮ್. ಗಿಡಗಳ ಜಾತಕ ಸಿಕ್ಕಿತಾ?"

"ಸಿಕ್ಕೇತ್ರಿ. ಈಗ ನಿಮ್ಮದು ನೋಡಬೇಕಂತ ಬಂದೆ."

ಅವನು ನಕ್ಕ. "ನಂದು ನೋಡಿ ಎಂತ ಮಾಡ್ತೀರಿ? ಮದುವೆಯಾಗಿ ಎರಡು ಮಕ್ಕಳುಂಟು."

"ಫ್ರಿಜ್ಜಿನ ಕೀಲಿ ನಿಮ್ಮ ಕಡೆನ ಇರತದ?"

"ಹೌದು. ಮದುವೆ ವಿಚಾರಿಸುವವರಿಗೆ ಫ್ರಿಜ್ಜಿನ ಉಸಾಬರಿ ಎಂತಕ್ಕೆ?"

"ಹುಡುಗನ ಮನಿ ಫ್ರಿಜ್ ತೆಗೆದು ನೋಡ್ರಿ, ಅರ್ಧ ಲಗ್ನ ಅಲ್ಲೇ ಮುರೀತಾವ." ಅವಳು ಬಾಟಲಿಯನ್ನು ಮೇಜಿನ ಮೇಲಿಟ್ಟಳು. "ಗೋದಾ ಅವರ ಕೂಡ ನೀವೂ ಕೆಲಸ ಮಾಡಿದ್ರಿ. ಹೂವಿಗೆ ಹೆಸರಿಡುವಾಗ ಅವರ ಹೆಸರಿನ ಮಗ್ಗಲ ನಿಮ್ಮದೂ ಇರಲಿ ಅಂತ ಕೇಳಿದ್ರಿ ಅಂತ ರಂಜನಾ ಹೇಳಿದ್ಲು. ಸಿದ್ದಾರೂಢ ಅವರು ಆಗಂಗಿಲ್ಲ ಅಂದ್ರು. ಖರೆನೋ?"

ಕುಶಲನ ನಗು ಇಳಿಯಿತು. ಲೋಟವನ್ನು ಕೆಳಗಿಟ್ಟ.

"ಖರೆ. ರಾತ್ರಿ ಹಗಲು ಗೋದಾ ಜೊತೆ ಕೂತು ಮಾಡಿದ್ದು. ಕೇಳಿದ್ರಲ್ಲಿ ತಪ್ಪುಂಟಾ?"

"ಕೇಳಿದ್ದು ತಪ್ಪಲ್ಲರಿ. ಕೊಡಲಿಲ್ಲಂತ ತಾವ ತಗೊಂಡು ಹೋದ್ರ ತಪ್ಪು."

"ಎಂತ ಹೇಳ್ತಾ ಇದ್ದೀರಿ?"

"ಈ ಬಾಟಲಿ ಪೂಜಿ ಕಂಡಿಲ್ಲ. ಉಳಿದ ಎಲ್ಲಾದಕ್ಕೂ ಕುಂಕುಮ ಅದ, ಇದಕ್ಕಿಲ್ಲ. ಅಂದ್ರ ಖಂಡೇನವಮಿ ಮುಗಿದ ಮ್ಯಾಲೆ ಇದು ಬಂತು. ಗೋದಾ ಅವರು ಕಲಸಿಟ್ಟ ಬಾಟಲಿ ಹೋಗಿ, ಇದು ಅದರ ಜಾಗಾದಾಗ ಕುಂತದ. ಮ್ಯಾಲೆ ಬೇರಿಂದು ಅಂತ ಬರದದ, ಒಳಗ ಕುಡಿ ಔಷಧಾ. ದಸರಾ ಆದ ಮ್ಯಾಲೆ ಕೀಲಿ ಯಾರ ಕಡೆ ಇತ್ತು ಅಂತ ನೀವ ಹೇಳಿದ್ರಿ."

ಕುಶಲ ಬಾಟಲಿಯನ್ನು ತಿರುಗಿಸಿ ನೋಡಿದ. ಬಹಳ ಹೊತ್ತು ನೋಡಿದ. ಸಿಕ್ಕಿಬಿದ್ದವರ ಕಣ್ಣಿನ ಓಡಾಟ ಮಾಧುರಿಗೆ ಪರಿಚಯದ್ದು. ಇವನ ಕಣ್ಣು ಓಡಲಿಲ್ಲ. ಪಟ್ಟಿಯ ಮೇಲೆ ನೆಟ್ಟು, ಅಲ್ಲೇ ಮಂಕಾಯಿತು.

"ಇಷ್ಟು ದಿನ ಇದರಿಂದಲೇ ಅಳೆದು ಕೊಟ್ಟೆ," ಎಂದ ಮೆಲ್ಲಗೆ. "ನನ್ನ ಕಣ್ಣಿಗೆ ಬೀಳಲೇ ಇಲ್ಲ ನೋಡಿ."

"ನಾಟಕಾ ಬ್ಯಾಡ್ರಿ."

"ನಾಟಕ ಅಲ್ಲ ಮಾರಾಯ್ರೆ, ತಡೀರಿ." ಅವನು ಮೊಬೈಲು ತೆಗೆದು ಹೆಬ್ಬೆರಳಿನಿಂದ ತಳ್ಳುತ್ತ ಹೋದ. "ನವರಾತ್ರಿಗೆ ನಾನು ಊರಲ್ಲಿದ್ದೆ. ಮನೆಯಲ್ಲಿ ಚಂಡಿಕಾಹೋಮ. ಆಯುಧಪೂಜೆ ದಿನ ಬಸ್ಸಿಳಿದು ಸೀದಾ ಇಲ್ಲಿಗೇ ಬಂದದ್ದು. ಆರತಿ ಆಗ್ತಾ ಇತ್ತು. ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆದೆ, ಗೋದಾ ಇಲ್ಲದ ಮೊದಲ ಪೂಜೆ ಅಂತ."

ಮೊಬೈಲನ್ನು ಅವಳ ಕಡೆ ತಿರುಗಿಸಿದ.

ಚೆಂಡುಹೂವಿನ ಮಾಲೆ, ಎರಡು ದೀಪ, ಊದುಬತ್ತಿಯ ಹೊಗೆ. ಹೊಳೆಯುವ ಬಾಟಲಿಗಳ ಸಾಲು, ಪ್ರತಿಯೊಂದರ ಹಣೆಗೂ ಹಸಿ ಕುಂಕುಮ. ಮಾಧುರಿ ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದಳು.

ಸಾಲಿನ ನಡುವೆ ಒಂದು ಬಾಟಲಿ ಮಾತ್ರ ಕುಂಕುಮವಿಲ್ಲದೆ ನಿಂತಿತ್ತು. ಬೇರಿನ ಔಷಧದ್ದೇ. ಅದರ ಎಡಕ್ಕೂ ಕುಂಕುಮ, ಬಲಕ್ಕೂ ಕುಂಕುಮ. ಪಕ್ಕದಲ್ಲಿ ಕಸಬರಿಗೆಯನ್ನೂ ಇಟ್ಟಿದ್ದರು. ಅದರ ಹಿಡಿಗೂ ಕುಂಕುಮ.

ಪೂಜೆಯ ಹೊತ್ತಿಗೆ ಅದು ಅಲ್ಲೇ ಇತ್ತು.

ಕಟ್ಟಿಕೊಂಡು ಬಂದದ್ದೆಲ್ಲ ಕುಸಿಯುವ ಸದ್ದು ಮಾಧುರಿಗೆ ಒಳಗೇ ಕೇಳಿಸಿತು. ಆದರೂ ಬಿಡಲಿಲ್ಲ. "ಊರಿಗೆ ಹೋಗೂ ಮೊದಲ ನೀವು ಬದಲಿ ಮಾಡಿರಬಹುದಲ್ಲ?"

"ಮಾಡಬಹುದಿತ್ತು. ಆದ್ರೆ ಬೇರು ಬಿಟ್ಟ ಬಾಟಲಿ ಒಂದು ನೋಡಿದಿರಾ? ಅದು ನಾನು ಊರಿಗೆ ಹೊರಟ ದಿನ, ಹೊರಡುವ ಮೊದಲು ಮಾಡಿದ್ದು. ಗೋದಾಳ ಬಾಟಲಿಯಿಂದಲೇ. ಅಷ್ಟರವರೆಗೆ ಔಷಧ ಸರಿ ಇತ್ತು. ಗಿಡ ಸುಳ್ಳು ಹೇಳ್ತದಾ ಮೇಡಮ್?"

ಹೇಳುವುದಿಲ್ಲ. ಅದನ್ನು ಅವಳೇ ಕಣ್ಣಾರೆ ನೋಡಿದ್ದಳು.

"ನೀವು ಇಲ್ಲದಾಗ ಕೀಲಿ?"

"ಮೇಲೆ ಮನೆಯಲ್ಲಿ, ಗೋದಾಳ ಅಮ್ಮನ ಹತ್ರ. ಭೀಮವ್ವನವರ ಹತ್ರ."

"ಕುಂಕುಮ ಹಚ್ಚಿದವರು?"

ಕುಶಲ ಮೊಬೈಲನ್ನು ಜೇಬಿಗೆ ಹಾಕಿದ. ಈಗ ಅವನ ಧ್ವನಿಯಲ್ಲಿ ಕುಹಕ ಇರಲಿಲ್ಲ.

"ಅವರೇ."

*

ಲ್ಯಾಬಿನ ಮೇಲಿನ ಅಂತಸ್ತಿನಲ್ಲೇ ಮನೆ. ಹಾಲಿನಲ್ಲಿ ಹಿರಿಯ ಯಜಮಾನರು, ಭೀಮವ್ವನ ಗಂಡ ಗೂಳಪ್ಪ, ಮರಾಠಿ ಪೇಪರನ್ನು ಎದೆಯ ಮೇಲೆ ಹೊದ್ದು ನಿದ್ದೆಹೋಗಿದ್ದರು. ಭೀಮವ್ವ ದೇವರ ಕೋಣೆಯ ಮುಂದೆ ಕುಳಿತು ಎಳ್ಳು ಬೆಲ್ಲದ ಉಂಡೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ರಥಸಪ್ತಮಿಯವರೆಗೆ ಇನ್ನೂ ಅರಿಶಿನ ಕುಂಕುಮಕ್ಕೆ ಬರುವವರಿದ್ದರು.

"ಬಾ ಯವ್ವಾ, ಕೂಡು. ಎಳ್ಳುಂಡಿ ತಗೋ. ಕೆಳಗ ಬರೇ ಔಷಧಾ ಕುಡಿಸಿರಬೇಕು ನಿನಗ."

ಮಾಧುರಿ ನೆಲದ ಮೇಲೆ ಕುಳಿತಳು. ಉಂಡೆಯನ್ನು ಬಾಯಿಗೆ ಹಾಕಿಕೊಂಡಳು. ಮಗಳನ್ನು ಮಣ್ಣಿಗೆ ಕೊಟ್ಟ ತಾಯಿಯನ್ನು ಕೇಳುವ ಪ್ರಶ್ನೆಯನ್ನು ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ. ಕೊನೆಗೆ ಸೆರಗಿನೊಳಗಿನ ಬಾಟಲಿಯನ್ನು ಅವಳ ಮುಂದೆ ಇಟ್ಟಳು.

"ಅವ್ವಾರ, ಕಸಬರಿಗಿಗೂ ಕುಂಕುಮ ಹಚ್ಚೀರಿ. ಇದಕ್ಕ ಯಾಕ ಹಚ್ಚಲಿಲ್ಲ?"

ಭೀಮವ್ವನ ಕೈ ಡಬ್ಬಿಯೊಳಗೇ ನಿಂತಿತು. ಯಾರೋ ಒಂದು ದಿನ ಕೇಳಿಯೇ ಕೇಳುತ್ತಾರೆಂದು ಕಾದಿದ್ದವಳ ಹಾಗೆ ಉಸಿರು ಬಿಟ್ಟಳು.

"ಕೈ ಬರಲಿಲ್ಲ ನನ್ನವ್ವಾ."

"ಅಂದ್ರ?"

"ನನ್ನ ಮಗಳು ಹಾಳಿ ಸುತ್ತಿದ್ರ ತುದಿ ಒಳಗ ಮಡಚತಿದ್ಲು. ಸಾಲಿಗೆ ಹೋಗುವಾಗ ಬುತ್ತಿ ಕಟಗೊಂತಿದ್ಲಲ್ಲ, ಹಾಂಗ. ಎಲ್ಲಾ ಬಾಟಲಿಗೂ ಅಕಿ ಮಡಿಕಿನ ಇತ್ತು. ಒಂದೊಂದು ಮುಟ್ಟಿ ಮುಟ್ಟಿ ಹಚ್ಕೋತ ಬಂದೆ, ಅಕಿ ಕೈಯ ಹಿಡಿದಾಂಗ ಆಗತಿತ್ತು. ಇದಕ್ಕ ಬಂದಾಗ..." ಭೀಮವ್ವ ಬಾಟಲಿಯ ಮೇಲೆ ಬೆರಳಾಡಿಸಿದಳು. ತುದಿ ಹೊರಗೇ ಇತ್ತು, ಸುಮ್ಮನೆ ಸುತ್ತಿ ಒತ್ತಿದ್ದರು. "ಇದು ಗೋದಾನ ಕೈಯಿಂದಲ್ಲ. ಸುಳ್ಳಿಂದು. ದೇವರ ಮುಂದ ಸುಳ್ಳಿಗೆ ಕುಂಕುಮ ಹ್ಯಾಂಗ ಹಚ್ಚಲಿ?"

"ಯಾರಿಗೂ ಹೇಳಲಿಲ್ಲ ಯಾಕ್ರಿ?"

"ಅವತ್ತ ಏನಂತ ತಿಳೀಲಿಲ್ಲ. ತಿಳಿಯೋ ಹೊತ್ತಿಗೆ ಗಿಡಾ ಕೆಟ್ಟಿದ್ವು."

"ಕೀಲಿ ನಿಮ್ಮ ಕಡೆನ ಇತ್ತಂತ."

"ಇತ್ತು. ಹಬ್ಬಕ್ಕ ಫ್ರಿಜ್ ತೊಳೀತೀನಿ ಅಂತ ಕೇಳಿದ್ರು, ಕೊಟ್ಟೆ."

"ಯಾರು ಕೇಳಿದ್ರು?"

ಹಾಲಿನಲ್ಲಿ ಗೂಳಪ್ಪನವರ ಪೇಪರು ಉಸಿರಿಗೆ ಏರಿ ಇಳಿಯಿತು. ಭೀಮವ್ವ ದೇವರ ಪಟಗಳ ಪಕ್ಕದಲ್ಲಿ ತೂಗುಹಾಕಿದ್ದ ಗೋದಾಳ ಫೋಟೋ ಕಡೆ ನೋಡಿದಳು.

"ಅದ ಒಂದು ಕೇಳಬ್ಯಾಡ. ನನ್ನ ಮನಿ ದೀಪ ಆರಿದ್ದು ನನಗ ಸಾಕಾಗ್ಯದ. ಇನ್ನೊಂದು ಮನೀದು ನನ್ನ ಬಾಯಿಂದ ಆರೂದು ಬ್ಯಾಡ."

"ಅವ್ವಾರ, ನೀವು ಸುಮ್ಮನಿದ್ರ ಕೆಳಗಿನ ಹುಡುಗಿ ಹೆಸರು ಕೆಡತದ. ರಂಜನಾಂದು. ಲಗ್ನ ಗೊತ್ತಾದ ಹುಡುಗಿ. ನಿಮ್ಮ ಮಗಾ ಈಗಿಂದೀಗ ಠಾಣೆಗೆ ಹೊಂಟಾರ."

ಭೀಮವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಬಾಗಿಲಲ್ಲಿ ರಂಜನಾ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಅಕ್ಕಾರ, ಸಾಹೇಬ್ರು ಗಾಡಿ ತಗ್ಯಾಕ ಹತ್ಯಾರ. ನಿಮ್ಮನ್ನ ಕರೀತಾರ."

ಮಾಧುರಿ ಎದ್ದಳು. ಇಷ್ಟರ ಬಲದ ಮೇಲೆ ಇವತ್ತಿನ ಮಟ್ಟಿಗಾದರೂ ಸಿದ್ದಾರೂಢನನ್ನು ತಡೆಯಬಹುದು. ಬಾಟಲಿ ಬದಲಾದದ್ದು ಪೂಜೆಗೂ ಮೊದಲು. ಕೀಲಿ ಮನೆಯಲ್ಲೇ ಇತ್ತು. ಹುಡುಗಿ ಪಟ್ಟಿಯ ಮೇಲಿನ ಹೆಸರನ್ನು ನಂಬಿದಳು, ಅಷ್ಟೇ. ಶರಣಮ್ಮನಿಗೆ ಕೊಟ್ಟ ಮಾತು ಉಳಿಯಿತು ಎನಿಸಿ ಅವಳ ಭುಜ ಹಗುರವಾಯಿತು.

"ಬರ್ತೀನ್ರಿ ಅವ್ವಾರ."

"ತಡಿ. ಹಂಗ ಹೋಗಬ್ಯಾಡ, ಸಂಕ್ರಾಂತಿ ಅರಿಶಿನ ಕುಂಕುಮ ಇನ್ನೂ ನಡದದ." ಭೀಮವ್ವ ದೇವರ ಮುಂದಿನ ಬೆಳ್ಳಿಯ ಕುಂಕುಮದ ಬಟ್ಟಲನ್ನು ತಂದಳು. ಮಾಧುರಿಯ ಕೆನ್ನೆಗೆ ಅರಿಶಿನ ಸವರಿ, ಹಣೆಗೆ ಕುಂಕುಮವಿಟ್ಟು, ಕೈಗೆ ಎಳ್ಳುಂಡೆ ಹಾಕಿದಳು. ಬೊಟ್ಟು ನಡುವಿಗೇ ಬಿತ್ತು.

ರಂಜನಾ ಒಂದು ಹೆಜ್ಜೆ ಮುಂದೆ ಬಂದಳು. ಲ್ಯಾಬಿನೊಳಗೆ ಬಳೆ, ಟಿಕಳಿ, ಪೌಡರು ಏನೂ ನಡೆಯದು. ಅವಳ ಹಣೆ ಬರಿದಾಗಿತ್ತು.

"ನನಗೂ ಅವ್ವಾರ," ಎಂದು ತಲೆ ಬಾಗಿಸಿದಳು. "ಆಶೀರ್ವಾದ ಮಾಡ್ರಿ. ಇವತ್ತು ಭಾಳ ಬೇಕಾಗ್ಯದ."

ಭೀಮವ್ವ ಕುಂಕುಮದಲ್ಲಿ ಬೆರಳು ಅದ್ದಿದಳು. ಕೈ ಮೇಲೆದ್ದಿತು. ಹುಡುಗಿಯ ಹಣೆಯ ಹತ್ತಿರದವರೆಗೂ ಬಂತು.

ಅಲ್ಲೇ ನಿಂತಿತು.

ಭೀಮವ್ವ ಬೆರಳನ್ನು ತನ್ನ ಸೆರಗಿಗೆ ಒರೆಸಿಕೊಂಡಳು. ಬಟ್ಟಲಿನ ಮುಚ್ಚಳ ಹಾಕಿದಳು. ದೇವರ ಕೋಣೆಯ ಒಳಗೆ ಹೋದಳು.

ಮಾಧುರಿಯ ಅಂಗೈಯಲ್ಲಿ ಎಳ್ಳುಂಡೆ ಬೆವರಿಗೆ ಅಂಟಿಕೊಂಡಿತು. ಫ್ರಿಜ್ ತೊಳೆಯುತ್ತೇನೆಂದು ಕೀಲಿ ಕೇಳಿದವರು. ಬಾಟಲಿಗಳನ್ನು ಬೇಯಿಸಿ ಚೆಲ್ಲಿದೆ ಎಂದವರು. ಚೆಲ್ಲಿದ್ದನ್ನು ಕಂಡವರು ಯಾರು? ಇಂದಾಪುರದಲ್ಲಿ ಹೊಸದಾಗಿ ಹಾಕಿದ, ದೊಡ್ಡದಾದ ಹೂವಿನ ಶೆಡ್. ಬೆಳಗಿನಿಂದ ಈ ಲ್ಯಾಬನ್ನು ಅವಳು ನೋಡಿದ್ದು ಒಬ್ಬಳ ಬೆರಳು ತೋರಿಸಿದ ಕಡೆಗೆ ಮಾತ್ರ.

ರಂಜನಾ ಮೆಲ್ಲಗೆ ತಲೆ ಎತ್ತಿದಳು. ಬರಿಯ ಹಣೆಯ ಕೆಳಗೆ ಎರಡು ಕಣ್ಣು, ಮಾಧುರಿಯನ್ನೇ ನೆಚ್ಚಿಕೊಂಡು ನೋಡುತ್ತಿದ್ದವು.

ಕೆಳಗೆ ಗಾಡಿ ಗುರುಗುಟ್ಟಿತು. ಮೆಟ್ಟಿಲ ಬುಡದಿಂದ ಸಿದ್ದಾರೂಢನ ಧ್ವನಿ ಬಂತು.

"ಮಾಧುರಿ ಅವರ, ಹೊತ್ತಾತ್ರಿ! ದೂರಿನಾಗ ಆ ಹುಡುಗಿ ಹೆಸರು ಇಡ್ಲ್ಯೋ, ತಗೀಲ್ಯೋ? ನೀವು ಹೇಳಿದಾಂಗ ಮಾಡ್ತೀನಿ."